ಎರಡು ಕ್ಷೇತ್ರಗಳಲ್ಲಿ ಪೇಪರ್ ಬರೆದವರು ಸೈಟೇಷನ್ ಲೆಕ್ಕ ಹೇಗೆ ತೋರಿಸಬೇಕು?

ಅರ್ಧಗಣಿತ (ಪ್ರಶ್ನೆ)

ನನ್ನ ಪಿಎಚ್‌ಡಿ ಪ್ರಾಬಬಿಲಿಟಿ ಥಿಯರಿಯಲ್ಲಿ. ಆಮೇಲೆ ಕೆಲಸ ಸಿಕ್ಕಿದ್ದು ಜೀವಶಾಸ್ತ್ರದ ಒಂದು ಲ್ಯಾಬಿನಲ್ಲಿ, ಜೀನ್ ಡೇಟಾದ ಲೆಕ್ಕಾಚಾರ ನೋಡಿಕೊಳ್ಳುವುದಕ್ಕೆ. ಆ ಕೆಲಸ ಹಿಡಿಸಿತು, ಆದರೆ ಗಣಿತದ ಹುಚ್ಚೂ ಬಿಡಲಿಲ್ಲ. ಹಾಗಾಗಿ ಎರಡೂ ಕಡೆ ಬರೆಯುತ್ತಾ ಬಂದೆ. ಇವತ್ತಿಗೆ ಒಟ್ಟು 31 ಪೇಪರ್. ಶುದ್ಧ ಗಣಿತದವು 11, ಜೀವಶಾಸ್ತ್ರದವು 14, ಉಳಿದ 6 ಕಂಪ್ಯೂಟರ್ ಸೈನ್ಸ್ ಕಾನ್ಫರೆನ್ಸ್‌ಗಳಲ್ಲಿ ಬಂದವು.

ಈಗ ಕಾಯಂ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಅಲ್ಲಿ ನೋಡುವುದು ಸೈಟೇಷನ್, ಅಂದರೆ ನಮ್ಮ ಪೇಪರನ್ನು ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಲೆಕ್ಕ. ಅತ್ತ ದರಿ, ಇತ್ತ ಪುಲಿ ಅನ್ನೋ ಹಾಗಾಗಿದೆ. ಒಂದು ಗಣಿತ ವಿಭಾಗದವರು ಸಂದರ್ಶನದಲ್ಲಿ ನೇರವಾಗಿಯೇ ಕೇಳಿದರು, "ನಿಮ್ಮ ಸೈಟೇಷನ್‌ಗಳೆಲ್ಲ ಹೊರಗಿನವು, ನಮ್ಮ ಕ್ಷೇತ್ರದ್ದು ಎಲ್ಲಿದೆ?" ಇನ್ನೊಂದು ಸಮಿತಿಯಲ್ಲಿ ಜೀವಶಾಸ್ತ್ರದವರೇ ಜಾಸ್ತಿ. ಅವರು ನನ್ನ ಗಣಿತದ ಪೇಪರ್‌ಗಳ ಪಕ್ಕದ ಅಂಕಿ ನೋಡಿ ಹುಬ್ಬೇರಿಸಿದರು. "ಹತ್ತು ವರ್ಷಕ್ಕೆ ಬರೀ 41 ಸೈಟೇಷನ್ನಾ?" ಅಂದರು. ಆ 41 ನನ್ನ ಗಣಿತದ ಪೇಪರ್‌ಗಳಲ್ಲೇ ಅತಿ ಹೆಚ್ಚು ಪಡೆದದ್ದು. ಇವರೇ ಜೀವಶಾಸ್ತ್ರದ ನನ್ನ ಪೇಪರ್‌ಗಳ ಬಗ್ಗೆ ಹೇಳಿದ್ದು: "ಎಲ್ಲದರಲ್ಲೂ ಮಧ್ಯದಲ್ಲೆಲ್ಲೋ ನಿಮ್ಮ ಹೆಸರಿದೆ."

ಜೀವಶಾಸ್ತ್ರದ 14ರಲ್ಲಿ ಒಂದು ಪೇಪರ್ ಮಾತ್ರ 2,300 ಸೈಟೇಷನ್ ದಾಟಿದೆ. ಡೇಟಾ ಸರಿಪಡಿಸುವ ಒಂದು ವಿಧಾನ, ಜೊತೆಗೊಂದು ಸಾಫ್ಟ್‌ವೇರ್. ಅದನ್ನು ಯಾರು ಸೈಟ್ ಮಾಡಿದ್ದಾರೆ ಅಂತ ಕೂತು ಓದಿ ನೋಡಿದೆ. ಬಹುತೇಕ ಎಲ್ಲ ಕಡೆ ಮೆಥಡ್ಸ್ ಭಾಗದಲ್ಲಿ ಒಂದೇ ಸಾಲು: ಡೇಟಾವನ್ನು ಈ ವಿಧಾನದಿಂದ ನಾರ್ಮಲೈಸ್ ಮಾಡಿದ್ದೇವೆ. ಪಕ್ಕದಲ್ಲಿ ಕಂಸದೊಳಗೆ ಒಂದು ಸಂಖ್ಯೆ. ಅಲ್ಲಿಗೆ ಮುಗಿಯಿತು. ಕೆಲವರು ಪೇಪರ್ ತೆರೆದು ನೋಡಿರಲಿಕ್ಕಿಲ್ಲ, ಸಾಫ್ಟ್‌ವೇರ್ ಚಾಲೂ ಆದಾಗ "ಬಳಸಿದರೆ ಇದನ್ನು ಸೈಟ್ ಮಾಡಿ" ಅಂತ ಬರೋ ಸಾಲನ್ನು ಹಾಗೇ ಅಂಟಿಸಿದ್ದಾರೆ. ಇತ್ತ 41ರ ಪೇಪರ್ ಸೈಟ್ ಮಾಡಿದವರಲ್ಲಿ ಒಬ್ಬರು ನನ್ನ ಲೆಮ್ಮಾ 3.2 ಅನ್ನು (ಲೆಮ್ಮಾ ಅಂದರೆ ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಚಿಕ್ಕ ಫಲಿತಾಂಶ) ಎರಡು ಪುಟ ಬಿಚ್ಚಿಟ್ಟು, ನಾನು ಹಾಕಿದ್ದ ಒಂದು ಷರತ್ತನ್ನು ಸಡಿಲ ಮಾಡಿ, ಅದರ ಮೇಲೆ ತಮ್ಮ ಪ್ರಮೇಯ ನಿಲ್ಲಿಸಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಇದೂ ಒಂದು, ಅದೂ ಒಂದು.

ಇನ್ನು ಎಚ್-ಇಂಡೆಕ್ಸ್. ಅದು 14 ಅಂದರೆ ತಲಾ ಕನಿಷ್ಠ 14 ಸೈಟೇಷನ್ ಪಡೆದ ಪೇಪರ್ 14 ಇವೆ ಅಂತ. ಮೂರು ಡೇಟಾಬೇಸ್‌ಗಳಲ್ಲಿ ನನ್ನದು ಮೂರು ಬಗೆ: ಗೂಗಲ್ ಸ್ಕಾಲರ್‌ನಲ್ಲಿ 14, ಸ್ಕೋಪಸ್‌ನಲ್ಲಿ 12, ವೆಬ್ ಆಫ್ ಸೈನ್ಸ್‌ನಲ್ಲಿ 9. ಗಣಿತದ ಪೇಪರ್‌ಗಳನ್ನಷ್ಟೇ ತಗೊಂಡರೆ 5. ಇದರಲ್ಲಿ ಯಾವುದನ್ನು ಬರೆಯಲಿ? ಎರಡು ಕ್ಷೇತ್ರಗಳನ್ನು ಬೇರೆ ಬೇರೆ ತೋರಿಸಿದರೆ ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರಾ? ಅನುಭವ ಇದ್ದವರು ಹೇಳಿ.

ಲ್ಯಾಬ್‌ಕೋಟ್

ನಾನು ಜೀವರಸಾಯನಶಾಸ್ತ್ರದವಳು. ಮೊದಲು ಆ "ಮಧ್ಯದ ಹೆಸರು" ವಿಚಾರ. ನಮ್ಮಲ್ಲಿ ಮೊದಲ ಹೆಸರು ಬೆಂಚಿನ ಮುಂದೆ ನಿಂತು ಕೆಲಸ ಮಾಡಿದವರದ್ದು, ಕೊನೆಯದು ಲ್ಯಾಬ್ ನಡೆಸುವವರದ್ದು. ನಡುವೆ ಇರುವವರು ಪ್ರಯೋಗಕ್ಕೆ ಸ್ಯಾಂಪಲ್ ಕೊಟ್ಟವರೂ ಇರಬಹುದು, ಇಡೀ ವಿಶ್ಲೇಷಣೆ ಹೊತ್ತವರೂ ಇರಬಹುದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಮಾಡಿದವರು ಯಾವಾಗಲೂ ಅಲ್ಲೇ ಸಿಕ್ಕಿಬೀಳುತ್ತಾರೆ.

ಮೆಥಡ್ ಪೇಪರ್ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಪ್ರಪಂಚದಲ್ಲೇ ಅತಿ ಹೆಚ್ಚು ಸೈಟ್ ಆದ ಪೇಪರ್ ಅಂತ ಹೆಸರು ಮಾಡಿದ್ದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. 3 ಲಕ್ಷಕ್ಕೂ ಮೀರಿದ ಸೈಟೇಷನ್. ಅದೇನೂ ಮಹಾ ಪೇಪರ್ ಅಲ್ಲ ಅಂತ ಲೌರಿ ತಾವೇ ಬರೆದಿದ್ದರು, ಆದರೂ ಒಳಗೊಳಗೇ ಖುಷಿ ಅಂತಲೂ ಹೇಳಿಕೊಂಡಿದ್ದರು. 2014ರಲ್ಲಿ ನೇಚರ್ ಪತ್ರಿಕೆ ಮೊದಲ ನೂರು ಪೇಪರ್‌ಗಳ ಪಟ್ಟಿ ಹಾಕಿತ್ತು. ಮೊದಲ ಮೂರೂ ನಮ್ಮ ಲ್ಯಾಬ್ ವಿಧಾನಗಳೇ. ಡಿಎನ್‌ಎ ಜೋಡಿ ಸುರುಳಿಯ ಪೇಪರ್ ಆ ನೂರರಲ್ಲಿ ಇರಲೇ ಇಲ್ಲ!

ಕ್ಯಾಟಲಾಗ್

ನಾನು ಸಂಶೋಧನಾ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬಡ್ತಿ, ನೇಮಕ ಅಂತ ಬಂದಾಗ ಈ ಅಂಕಿಗಳನ್ನು ತೆಗೆದುಕೊಡುವವನು ನಾನೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಚ್-ಇಂಡೆಕ್ಸ್ ತಂದವರು ಹೋರ್ಹೆ ಹಿರ್ಶ್, 2005ರಲ್ಲಿ. ಅವರು ಭೌತವಿಜ್ಞಾನಿ, ಉದಾಹರಣೆಗಳೂ ಹೆಚ್ಚಾಗಿ ಭೌತವಿಜ್ಞಾನದವೇ. ಆ ಪೇಪರಿನಲ್ಲೇ ಒಂದು ಹೋಲಿಕೆ ಇದೆ, ಅದನ್ನು ಸಮಿತಿಗಳಲ್ಲಿ ಯಾರೂ ನೆನಪಿಡುವುದಿಲ್ಲ. ಭೌತವಿಜ್ಞಾನದಲ್ಲಿ ಅವರು ಕಂಡ ಅತಿ ದೊಡ್ಡ ಸಂಖ್ಯೆ ಎಡ್ವರ್ಡ್ ವಿಟ್ಟನ್ ಅವರದ್ದು, 110. ಜೀವವಿಜ್ಞಾನದಲ್ಲಿ ಸಾಲಮನ್ ಸ್ನೈಡರ್ ಅವರದ್ದು 191. ಸ್ನೈಡರ್ ವಿಟ್ಟನ್‌ಗಿಂತ ಮುಕ್ಕಾಲು ಪಾಲು ಜಾಸ್ತಿ ಬುದ್ಧಿವಂತರು ಅಂತ ಹಿರ್ಶ್ ಹೇಳಲಿಲ್ಲ. ಕ್ಷೇತ್ರ ಬದಲಾದರೆ ಸಂಖ್ಯೆಯ ಅರ್ಥವೇ ಬದಲಾಗುತ್ತದೆ ಅಂತ ಮೊದಲ ದಿನವೇ ಬರೆದಿಟ್ಟರು. 2020ರಲ್ಲಂತೂ ತಮ್ಮ ಈ ಸೂಚ್ಯಂಕ ದಾರಿ ತಪ್ಪಿಸಬಹುದು, ಕೆಟ್ಟ ಪರಿಣಾಮವನ್ನೂ ಮಾಡಬಹುದು ಅಂತ ತಾವೇ ಬರೆದರು.

ಹೀಗೇಕೆ ಆಗುತ್ತದೆ? ಜೀವಶಾಸ್ತ್ರದಲ್ಲಿ ಜನ ಜಾಸ್ತಿ, ಅದಕ್ಕೇ ಸೈಟೇಷನ್ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಜನ ಹೆಚ್ಚಿದರೆ ಸೈಟ್ ಮಾಡುವ ಪೇಪರೂ ಹೆಚ್ಚುತ್ತವೆ, ಸೈಟ್ ಆಗಬೇಕಾದ ಪೇಪರೂ ಹೆಚ್ಚುತ್ತವೆ. ಸರಾಸರಿ ಅಲ್ಲಿಂದಲ್ಲಿಗೇ. ಕ್ಷೇತ್ರ ದೊಡ್ಡದಾದರೆ ತೀರಾ ಮೇಲಿನ ಒಂದೆರಡು ಪೇಪರ್‌ಗಳು ಆಕಾಶಕ್ಕೇರಬಹುದು, ಅಷ್ಟೇ. ಸರಾಸರಿಯನ್ನು ಎತ್ತುವುದು ಪ್ರತಿ ಪೇಪರಿನ ಕೊನೆಯ ಪಟ್ಟಿ ಎಷ್ಟು ಉದ್ದ ಮತ್ತು ಅದರಲ್ಲಿ ಹೊಸ ಪೇಪರ್‌ಗಳು ಎಷ್ಟು ಅನ್ನುವುದು. ಜೀವಶಾಸ್ತ್ರದವರ ಪಟ್ಟಿ ಉದ್ದ, ಹೆಚ್ಚಿನವು ಇತ್ತೀಚಿನ ವರ್ಷಗಳವು. ಗಣಿತದವರ ಪಟ್ಟಿ ಗಿಡ್ಡ, ಅದರಲ್ಲಿ ಮೂವತ್ತು ನಲವತ್ತು ವರ್ಷ ಹಳೆಯದೂ ಆರಾಮಾಗಿ ಇರುತ್ತದೆ. ಗಣಿತದ ಪೇಪರ್ ಒಂದನ್ನು ರೆಫರೀ ನೋಡಿ ಮುಗಿಸುವುದಕ್ಕೇ ವರ್ಷ ಹಿಡಿಯುತ್ತದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಬಂದ ಸೈಟೇಷನ್ ಮೇಲೆ. ಅಷ್ಟರಲ್ಲಿ ಗಣಿತದವರು ಇನ್ನೂ ಪ್ರೂಫ್ ಓದುತ್ತಿರುತ್ತಾರೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದು ಕತೆ ಹೇಳದೆ ಮುಂದೆ ಹೋಗಲಾರೆ. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಅನ್ನುವ ಜರ್ನಲ್ ಇದೆ. 2008ರಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 2ರ ಆಸುಪಾಸು. 2009ರಲ್ಲಿ ಏಕಾಏಕಿ 49.9! ಆಗಿದ್ದು ಇಷ್ಟೇ: 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ಅವರು ಶೆಲೆಕ್ಸ್ ಸಾಫ್ಟ್‌ವೇರ್ ಬಗ್ಗೆ ಒಂದು ಪೇಪರ್ ಬರೆದು, ಬಳಸುವವರು ಇದನ್ನೇ ಸೈಟ್ ಮಾಡಬಹುದು ಅಂದಿದ್ದರು. ಆ ಒಂದೇ ಪೇಪರ್ ಇಡೀ ಜರ್ನಲನ್ನು ಎತ್ತಿ ಅಟ್ಟದ ಮೇಲೆ ಕೂರಿಸಿತು. ಅದೇ ಜರ್ನಲ್‌ನಲ್ಲಿ ಆ ವರ್ಷ ಬರೆದ ಉಳಿದವರ ಕೆಲಸ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅದಕ್ಕೇ ನಿಮ್ಮ ಸಿವಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಕಾಲಂ ಇದ್ದರೆ ಮೊದಲು ಕಿತ್ತುಹಾಕಿ. ಸಂಶೋಧಕರನ್ನು ಅದರಿಂದ ಅಳೆಯಬೇಡಿ ಅಂತ 2012ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯಲ್ಲೇ ಇದೆ, ಡೋರಾ ಅಂತಾರಲ್ಲ, ಅದು.

ಈಗ ನಿಮ್ಮ ಮೂರು ಎಚ್-ಇಂಡೆಕ್ಸ್. ಮೂರೂ ಸರಿಯೇ. ಗೂಗಲ್ ಸ್ಕಾಲರ್ ಪ್ರೀಪ್ರಿಂಟ್, ಥೀಸಿಸ್, ಪಾಠದ ನೋಟ್ಸು ಎಲ್ಲವನ್ನೂ ಎಣಿಸುತ್ತದೆ, ಕಾವಲು ಕಡಿಮೆ. 2010ರಲ್ಲಿ ಸಿರಿಲ್ ಲಾಬೆ ಅನ್ನುವ ಫ್ರೆಂಚ್ ಸಂಶೋಧಕ ಐಕ್ ಆಂಟ್ಕೇರ್ ಎಂಬ ಇಲ್ಲದ ವಿಜ್ಞಾನಿಯನ್ನು ಸೃಷ್ಟಿಸಿ, ಕಂಪ್ಯೂಟರ್ ಬರೆದ ಅರ್ಥವಿಲ್ಲದ ಪೇಪರ್‌ಗಳು ಒಂದನ್ನೊಂದು ಸೈಟ್ ಮಾಡುವಂತೆ ಮಾಡಿ, 94 ಎಚ್-ಇಂಡೆಕ್ಸ್ ಗಿಟ್ಟಿಸಿ ತೋರಿಸಿದ್ದರು. ವೆಬ್ ಆಫ್ ಸೈನ್ಸ್ ಜರ್ನಲ್‌ಗಳನ್ನು ಆರಿಸಿ ತೆಗೆದುಕೊಳ್ಳುತ್ತದೆ, ಕಂಪ್ಯೂಟರ್ ಸೈನ್ಸ್ ಕಾನ್ಫರೆನ್ಸ್‌ಗಳು ಅಲ್ಲಿ ಪೂರ್ತಿ ಸಿಗುವುದಿಲ್ಲ. ನಿಮ್ಮ ಆ 6 ಪೇಪರ್ ಅಲ್ಲೇ ಸೊರಗಿರಬೇಕು. ಯಾವುದನ್ನೇ ಬರೆಯಿರಿ, ಯಾವ ಡೇಟಾಬೇಸ್, ಯಾವ ತಾರೀಖು ಅಂತ ಪಕ್ಕದಲ್ಲಿ ಹಾಕಿ. ಮೂರರಲ್ಲಿ ದೊಡ್ಡದನ್ನು ಆರಿಸಿ ಡೇಟಾಬೇಸ್ ಹೆಸರು ಬಿಟ್ಟವರ ಅರ್ಜಿ ನನ್ನ ಮೇಜಿಗೆ ಬಂದಾಗ ನಾನು ಮೊದಲು ಮಾಡುವ ಕೆಲಸವೇ ಉಳಿದೆರಡನ್ನು ತೆಗೆದು ನೋಡುವುದು.

ಹೋಲಿಸಬೇಕು ಅಂದರೆ ಪ್ರತಿ ಪೇಪರನ್ನು ಅದರ ಓರಗೆಯವರ ಜೊತೆ ಹೋಲಿಸಬೇಕು. ಅಂದರೆ ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಪೇಪರ್‌ಗಳ ಜೊತೆ. ಸುಮ್ನೆ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ನಿಮ್ಮ ಒಂದು ಗಣಿತದ ಪೇಪರಿಗೆ 18 ಸೈಟೇಷನ್, ಓರಗೆಯವುಗಳ ಸರಾಸರಿ 6. ಅಲ್ಲಿಗೆ 3.0. ಜೀವಶಾಸ್ತ್ರದ ಪೇಪರಿಗೆ 40, ಅಲ್ಲಿನ ಸರಾಸರಿಯೂ 40. ಅಲ್ಲಿಗೆ 1.0. 18 ಇರುವುದು 40ಕ್ಕಿಂತ ಮುಂದೆ ಬಂತು, ಅಲ್ವಾ? ಸ್ಕೋಪಸ್‌ನವರು ಇದನ್ನು ಎಫ್‌ಡಬ್ಲ್ಯೂಸಿಐ (ಫೀಲ್ಡ್-ವೆಯ್ಟೆಡ್ ಸೈಟೇಷನ್ ಇಂಪ್ಯಾಕ್ಟ್) ಅಂತಾರೆ. ಪ್ರಪಂಚದ ಸರಾಸರಿ ಅಂದರೆ 1.

ಇದರಲ್ಲೂ ಗುಂಡಿಗಳಿವೆ. ಪ್ರಕಟವಾದ ವರ್ಷ ಮತ್ತು ಮುಂದಿನ ಮೂರು ವರ್ಷದ ಸೈಟೇಷನ್ ಮಾತ್ರ ಅದಕ್ಕೆ ಲೆಕ್ಕ. ಗಣಿತದಲ್ಲಿ ಎಂಟನೇ ವರ್ಷ ಎಚ್ಚರಗೊಳ್ಳುವ ಪೇಪರ್‌ಗೆ ಇದರಿಂದ ಏನೂ ಸಿಗುವುದಿಲ್ಲ. ವಿಷಯ ಯಾವುದು ಅಂತ ಅವರು ಜರ್ನಲ್ ನೋಡಿ ಹೇಳುತ್ತಾರೆ, ಪೇಪರ್ ಓದಿ ಅಲ್ಲ. ಪ್ರಮೇಯ ತುಂಬಿದ ಪೇಪರ್ ಜೀವಶಾಸ್ತ್ರದ ಜರ್ನಲ್‌ನಲ್ಲಿ ಬಂದಿದ್ದರೆ ಅದು ಜೀವಶಾಸ್ತ್ರದವರ ಜೊತೆಗೇ ಓಡಬೇಕು. ಎಲ್ಲಕ್ಕಿಂತ ದೊಡ್ಡ ಗುಂಡಿ ನಿಮ್ಮ 2,300ರ ಪೇಪರ್. 30 ಪೇಪರ್‌ಗಳು ತಲಾ 1.0 ಇದ್ದು, ಅದೊಂದು 90 ಇದ್ದರೆ ಒಟ್ಟು ಸರಾಸರಿ ಸುಮಾರು 3.9 ಬರುತ್ತದೆ. ಅದನ್ನು ನೋಡಿದವರು ನಿಮ್ಮ ಪ್ರತಿ ಪೇಪರೂ ನಾಲ್ಕು ಪಟ್ಟು ಅಂದುಕೊಳ್ಳುತ್ತಾರೆ. ಹಾಗಾಗಿ ಸರಾಸರಿ ಬೇಡ. ತಮ್ಮ ಕ್ಷೇತ್ರದ ಮೇಲಿನ ಶೇ 10ರಲ್ಲಿ ಎಷ್ಟು ಪೇಪರ್ ಇವೆ ಅಂತ ಪರ್ಸೆಂಟೈಲ್ ಲೆಕ್ಕ ಕೊಡಿ. ಒಂದು ಪೇಪರ್ ಎಷ್ಟೇ ಎತ್ತರ ಇದ್ದರೂ ಅಲ್ಲಿ ಒಂದೇ ಆಗಿ ಎಣಿಕೆಯಾಗುತ್ತದೆ.

ಬೇರೆ ಬೇರೆ ತೋರಿಸುವುದು ಮುಚ್ಚಿಡುವುದಲ್ಲ. ಕೂಡಿಸಿ 14 ಅಂತ ಬರೆದರೇ ಎರಡೂ ಕಡೆಯ ವಿಷಯ ಮುಚ್ಚಿಹೋಗುವುದು.

ಲೆಮ್ಮಾ

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಇಷ್ಟೊಂದು ಅಂಕಿ ಯಾಕೆ ಬೇಕು? ನಾನು ಗಣಿತದವನು, ನೇಮಕ ಸಮಿತಿಗಳಲ್ಲಿ ಕೂತಿದ್ದೇನೆ. ಪೆರೆಲ್ಮಾನ್ 2002 ಮತ್ತು 2003ರಲ್ಲಿ ಮೂರು ಪೇಪರನ್ನು, ಪ್ರಕಟಣೆಗೆ ಮೊದಲೇ ಪೇಪರ್ ಹಾಕುವ ಆರ್ಕೈವ್ ತಾಣಕ್ಕೆ ಹಾಕಿ ಸುಮ್ಮನಾದರು. ಜರ್ನಲ್‌ಗೆ ಕಳಿಸಲೇ ಇಲ್ಲ. ಗಣಿತದ ಬಿಡಿಸದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಗಿದ್ದ ಪ್ವಾಂಕರೆ ಊಹೆ ಅದರಿಂದಲೇ ಸಾಧಿತವಾಯಿತು. ಯಾವ ಪರ್ಸೆಂಟೈಲ್ ಹಾಕುತ್ತೀರಿ ಅದಕ್ಕೆ? ನಮ್ಮ ಕ್ಷೇತ್ರದಲ್ಲಿ ಸಂಖ್ಯೆಗಳು ಎಷ್ಟು ಚಿಕ್ಕವು ಅಂದರೆ ನಾಲ್ಕು ಜನ ಸ್ನೇಹಿತರು ಸೇರಿ ಒಬ್ಬರನ್ನೊಬ್ಬರು ಸೈಟ್ ಮಾಡಿಕೊಂಡರೆ ಮೇಲಕ್ಕೆ ಬಂದುಬಿಡಬಹುದು. 2023ರಲ್ಲಿ ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್‌ನವರು ಹೆಚ್ಚು ಸೈಟ್ ಆದ ಸಂಶೋಧಕರ ಪಟ್ಟಿಯಿಂದ ಗಣಿತದ ವಿಭಾಗವನ್ನೇ ಕೈಬಿಟ್ಟರಲ್ಲ, ಇದೇ ಕಾಟಕ್ಕೆ.

ನೀವು ಲೆಮ್ಮಾ 3.2ರ ಬಗ್ಗೆ ಬರೆದ ಆ ನಾಲ್ಕು ಸಾಲು ಇದೆಯಲ್ಲ, ಅದನ್ನೇ ಸಿವಿಯಲ್ಲಿ ಹಾಕಿ. ಯಾರು, ಯಾವ ಪ್ರಮೇಯಕ್ಕೆ, ಹೇಗೆ ಬಳಸಿದರು ಅಂತ. ನಾನು ಸಮಿತಿಯಲ್ಲಿ ಇದ್ದಿದ್ದರೆ ಆ ಪೇಪರ್ ತೆರೆದು ಓದುತ್ತಿದ್ದೆ. ಇನ್ನೊಂದು, ನಮ್ಮಲ್ಲಿ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ ಅಂತ ಒಂದು ಸಾಲು ಬರೆಯಿರಿ. ಜೀವಶಾಸ್ತ್ರದವರಿಗೆ ಅದು ಗೊತ್ತಿರುವುದಿಲ್ಲ. ನಿಮ್ಮ ಹೆಸರು ಎರಡನೆಯದಾಗಿದ್ದರೆ ಸಹಾಯಕ ಅಂದುಕೊಳ್ಳುತ್ತಾರೆ.

ಕ್ಯಾಟಲಾಗ್

ಲೆಮ್ಮಾ ಅವರೇ, ಓದುವ ಸಮಿತಿ ಸಿಕ್ಕರೆ ಪುಣ್ಯ. ಆದರೆ ಅರ್ಜಿ ನಿಮ್ಮ ಕೈಗೆ ಬರುವ ಮೊದಲೇ ಒಂದು ಜರಡಿ ಇರುತ್ತದೆ. ಅಲ್ಲಿ ಕೂರುವವರು ಎಲ್ಲ ಕ್ಷೇತ್ರದವರು. ಅವರ ಮುಂದೆ ಒಂದು ಹಾಳೆ, ಒಂದೊಂದು ಹೆಸರಿನ ಪಕ್ಕ ಒಂದೊಂದು ಅಂಕಿ. ನೀವು ಕೊಡದಿದ್ದರೆ ಅವರೇ ಗೂಗಲ್ ಸ್ಕಾಲರ್ ತೆರೆದು ನೋಡುತ್ತಾರೆ. ಅದಕ್ಕಿಂತ ನಾವೇ ಸರಿಯಾದ ಅಂಕಿ, ವಿವರದ ಜೊತೆ ಕೊಡುವುದು ವಾಸಿ.

ಡಿಟೆಕ್ಟರ್

ಕಣಭೌತವಿಜ್ಞಾನದಿಂದ ನಮಸ್ಕಾರ. ನಿಮ್ಮ ಕಷ್ಟ ನಮ್ಮಲ್ಲಿ ಉಲ್ಟಾ. 2015ರಲ್ಲಿ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಹಿಗ್ಸ್ ಬೋಸಾನ್‌ನ ದ್ರವ್ಯರಾಶಿ ಬಗ್ಗೆ ಬರೆದ ಪೇಪರಿಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಹೆಸರು ಮತ್ತು ವಿಳಾಸಗಳೇ. ಇಂಥ ತಂಡದಲ್ಲಿ ಇದ್ದವರಿಗೆ ವಯಸ್ಸು ಮೂವತ್ತು ದಾಟುವಷ್ಟರಲ್ಲೇ ಎಚ್-ಇಂಡೆಕ್ಸ್ ಎಲ್ಲೋ ಮೇಲೇರಿರುತ್ತದೆ. ಪಕ್ಕದ ಕುರ್ಚಿಯವರದ್ದೂ ಅಷ್ಟೇ ಇರುತ್ತದೆ, ಎಲ್ಲ ಪೇಪರೂ ಒಂದೇ ಆದ್ದರಿಂದ. ಅದಕ್ಕೇ ನಮ್ಮಲ್ಲಿ ನೇಮಕದ ವೇಳೆ ಯಾರೂ ಅದನ್ನು ಕೇಳುವುದಿಲ್ಲ. ಡಿಟೆಕ್ಟರ್‌ನ ಯಾವ ಭಾಗ ನಿನ್ನದು, ಯಾವ ವಿಶ್ಲೇಷಣೆ ನಿನ್ನದು ಅಂತ ಕೇಳುತ್ತಾರೆ. ಶಿಫಾರಸು ಪತ್ರದಲ್ಲಿ ಅದು ಇರಲೇಬೇಕು. ಇನ್ನು ಪೀಟರ್ ಹಿಗ್ಸ್? ಆ ಕಣ ಇರಬೇಕು ಅಂತ ಹೇಳಿದ 1964ರ ಕೆಲಸದ ನಂತರ ಅವರು ಬರೆದ ಪೇಪರ್‌ಗಳು ಹತ್ತೂ ಇಲ್ಲ. ಇವತ್ತಿನ ಕಾಲದಲ್ಲಾದರೆ ನನಗೆ ಕೆಲಸವೇ ಸಿಗುತ್ತಿರಲಿಲ್ಲ ಅಂತ ನೊಬೆಲ್ ಬಂದ 2013ರಲ್ಲಿ ಅವರೇ ಹೇಳಿದ್ದರು.

ನೀವೂ ಜೀವಶಾಸ್ತ್ರದ ಪೇಪರ್‌ಗಳಿಗೆ ಹಾಗೇ ಮಾಡಿ, ನಿಮ್ಮ ಪಾಲು ಯಾವುದು ಅಂತ ಬರೆಯಿರಿ. ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿ ಇದೆ, ಎಷ್ಟೋ ಜರ್ನಲ್‌ಗಳು ಅದನ್ನು ಪೇಪರ್ ಕೊನೆಯಲ್ಲಿ ಹಾಕುತ್ತವೆ. ವಿಧಾನ, ಸಾಫ್ಟ್‌ವೇರ್, ವಿಶ್ಲೇಷಣೆ ಎಲ್ಲಕ್ಕೂ ಅದರಲ್ಲಿ ಜಾಗ ಇದೆ.

ಅರ್ಧಗಣಿತ

ಎಲ್ಲರಿಗೂ ಧನ್ಯವಾದ. ಈ ಕೆಳಗಿನ ಹಾಗೆ ಬರೆದುಕೊಂಡಿದ್ದೇನೆ, ನೋಡಿ ಹೇಳಿ.

"ನನ್ನ 31 ಪೇಪರ್‌ಗಳು ಮೂರು ಕ್ಷೇತ್ರಗಳಲ್ಲಿ ಹಂಚಿವೆ. ಪ್ರಾಬಬಿಲಿಟಿಯ 11 ಪೇಪರ್‌ಗಳಲ್ಲಿ ಲೇಖಕರ ಹೆಸರು ಅಕ್ಷರಕ್ರಮದಲ್ಲಿದೆ, ಎಲ್ಲರ ಪಾಲೂ ಸಮ. ಜೀವಶಾಸ್ತ್ರದ 14ರಲ್ಲಿ ನನ್ನದು ವಿಧಾನ, ಸಾಫ್ಟ್‌ವೇರ್ ಮತ್ತು ವಿಶ್ಲೇಷಣೆ. ಅತಿ ಹೆಚ್ಚು ಸೈಟ್ ಆದ ಪೇಪರ್ ಒಂದು ಡೇಟಾ ವಿಧಾನ, ಅದನ್ನು ಬಳಸಿದವರೇ ಸೈಟ್ ಮಾಡಿದ್ದಾರೆ. ಕ್ಷೇತ್ರವಾರು ಪರ್ಸೆಂಟೈಲ್ ಕೆಳಗಿದೆ, ಆ ಪೇಪರನ್ನು ಬಿಟ್ಟೂ ಸೇರಿಸಿಯೂ ತೋರಿಸಿದ್ದೇನೆ."

ಇದರ ಕೆಳಗೆ ಮೂರು ಪೇಪರ್, ಒಂದೊಂದನ್ನೂ ಯಾರು ಯಾತಕ್ಕೆ ಬಳಸಿದರು ಅಂತ ಎರಡೆರಡು ಸಾಲು.

ಕ್ಯಾಟಲಾಗ್

ಚೆನ್ನಾಗಿದೆ. "ಎಲ್ಲರ ಪಾಲೂ ಸಮ" ಅನ್ನುವುದನ್ನು ನಿಮ್ಮ ಜೊತೆ ಬರೆದವರು ಒಪ್ಪುತ್ತಾರಾ ಅಂತ ಕೇಳಿ ನೋಡಿ, ಇಲ್ಲದಿದ್ದರೆ ಅಕ್ಷರಕ್ರಮ ಅಂತಷ್ಟೇ ಸಾಕು. ಪರ್ಸೆಂಟೈಲ್ ಪಕ್ಕ ತಾರೀಖು ಮರೆಯಬೇಡಿ. ಕಳಿಸುವ ಮೊದಲು ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಎರಡು ಪ್ರೊಫೈಲ್ ಆಗಿ ಒಡೆದಿದೆಯಾ ನೋಡಿಕೊಳ್ಳಿ. ಕ್ಷೇತ್ರ ಬದಲಿಸಿದವರಿಗೆ ಇದು ತುಂಬಾ ಆಗುತ್ತದೆ. ವಿಳಾಸ, ವಿಷಯ, ಸಹಲೇಖಕರು ಎಲ್ಲ ಬೇರೆ ಆದ್ದರಿಂದ ಯಂತ್ರ ಬೇರೆ ಮನುಷ್ಯ ಅಂದುಕೊಳ್ಳುತ್ತದೆ. ಆರ್ಕಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಜೋಡಿಸಿ, ಒಂದಾಗಿಸಿ ಅಂತ ಕೇಳಿದರೆ ಸರಿಮಾಡುತ್ತಾರೆ.

ಅರ್ಧಗಣಿತ

ನೋಡಿದೆ, ಹೌದು! ಬೇರೆ ಇನಿಷಿಯಲ್ ಇರುವ ಇನ್ನೊಬ್ಬ "ನಾನು" ಅಲ್ಲಿದ್ದೇನೆ, ಗಣಿತದ ಮೂರು ಪೇಪರ್ ಇಟ್ಟುಕೊಂಡು. ಒಂದಾಗಿಸಲು ಅರ್ಜಿ ಹಾಕಿದೆ. ಎಚ್-ಇಂಡೆಕ್ಸ್ ಎಷ್ಟಾಗುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದೆ: 12 ಇದ್ದದ್ದು 12.